ಫೈರ್ ಲೈನ್ ಮುಗಿಯುವಲ್ಲಿ

ಹೊಳೆನರಸೀಪುರದಲ್ಲಿ ಈಗ ನಾನಿರುವ ಬೀದಿಯಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿಲ್ಲ, ‘ಫಾರೆಸ್ಟ್‌ನೋರು’ ಅಂದರೆ ಸಾಕು. ಬೆಳಿಗ್ಗೆ ಹೊಳೆಯ ಸೇತುವೆಯವರೆಗೆ ನಡೆದು ಬರುವಾಗ ಜೊತೆಗೆ ಸಿಗುವವರು ಕೇಳುವುದು ಒಂದೇ ಪ್ರಶ್ನೆ: ಹುಲಿ ನೋಡಿದ್ದೀರಾ? ನೋಡಿದ್ದೇನೆ, ಎರಡು ಸಲ. ಎರಡು ಸಲವೂ ಅದರ ಬೆನ್ನು ಮಾತ್ರ ಕಂಡಿತು. ಅದಕ್ಕೆ ನನ್ನ ಮುಖ ನೋಡುವ ಆಸೆ ಇರಲಿಲ್ಲ ಅಂತ ಕಾಣುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ನೌಕರಿಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಹುಲಿಯೂ ಅಲ್ಲ, ಆನೆಯೂ ಅಲ್ಲ. ಭಾನುವಾರ ಬೆಟ್ಟ ಹತ್ತಲು ಬರುವ ಜನ, ಮತ್ತು ಅವರನ್ನು ಕಾಯಬೇಕಿದ್ದ ನಾನು.

ಇಲಾಖೆಗೆ ಹೊಸದಾಗಿ ಸೇರಿದ ಕೆಲವರು ಆಗಾಗ ಮನೆಗೆ ಬರುತ್ತಾರೆ. ಪರೀಕ್ಷೆ ಪಾಸು ಮಾಡಿದವರು. ಕಾಯಿದೆಯ ಸೆಕ್ಷನ್ನುಗಳು ನಾಲಿಗೆಯ ತುದಿಯಲ್ಲಿರುತ್ತವೆ. ಕೆಲಸ ನಿಜಕ್ಕೂ ಹೇಗಿರುತ್ತದೆ ಅಂತ ಕೇಳುತ್ತಾರೆ. ಬಾಯಿಮಾತಿನಲ್ಲಿ ಹೇಳಿದರೆ ನನ್ನ ತಪ್ಪುಗಳನ್ನು ಹಾರಿಸಿಬಿಡುತ್ತೇನೆ ಎಂದು ಗೊತ್ತಿರುವುದರಿಂದ ಬರೆಯಲು ಕೂತಿದ್ದೇನೆ. ಬಡ್ತಿ, ವರ್ಗಾವಣೆಗಳ ವಿಷಯ ಬಿಟ್ಟಿದ್ದೇನೆ. ಅವು ಎಲ್ಲರಿಗೂ ಆಗುತ್ತವೆ.

ನಾನು ಅರಕಲಗೂಡು ಕಡೆಯ ಬಯಲಿನವನು. ಹೊಗೆಸೊಪ್ಪು, ರಾಗಿ, ಆಲೂಗಡ್ಡೆ ನೋಡಿ ಬೆಳೆದವನು. ಗಾರ್ಡ್ ಕೆಲಸ ಸಿಕ್ಕಿ ಜಿಲ್ಲೆಯ ಪಡುವಣ ಅಂಚಿನ ಬೆಟ್ಟಸಾಲಿಗೆ ಹಾಕಿದಾಗ ಕಾಡೆಂದರೆ ಬರೀ ಮರ ಅಂದುಕೊಂಡಿದ್ದೆ. ಕೋಣನಬೆನ್ನು ಅಂತ ನಾವು ಕರೆಯುವ ಗುಡ್ಡಕ್ಕೆ ಮೊದಲ ದಿನ ಹತ್ತಿದರೆ ಅಲ್ಲಿ ಮರವೇ ಇಲ್ಲ. ಎದೆಯೆತ್ತರ ಹುಲ್ಲು, ಒಂದರ ಹಿಂದೆ ಒಂದು ದಿಣ್ಣೆ. ದಿಣ್ಣೆಗಳ ಸಂದಿಯಲ್ಲಿ, ನೀರು ಇಳಿಯುವ ಕಡೆ ಮಾತ್ರ ಕಪ್ಪಗೆ ಒತ್ತಾಗಿ ಕಾಡು. ಪಡುವಲಿಗೆ ನೆಲ ಒಮ್ಮೆಗೇ ಮುರಿದು ಕೆಳಗಿಳಿಯುತ್ತದೆ. ಮೂಡಲಿಗೆ ತಿರುಗಿದರೆ ಮಂಜಿಲ್ಲದ ಬೆಳಿಗ್ಗೆಗಳಲ್ಲಿ ಗೊರೂರು ಹಿನ್ನೀರು ತಗಡಿನ ಚೂರಿನ ಹಾಗೆ ಹೊಳೆಯುತ್ತದೆ. ಊರು ನೆನಪಾದಾಗ ನಾನು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ನನ್ನ ಮೊದಲ ರೇಂಜ್ ಆಫೀಸರು ಹಳೇ ಕಾಲದವರು. ಮೇಲೆ ನಿಂತು ಏದುಸಿರು ಬಿಡುತ್ತಿದ್ದ ನನಗೆ ಅವರು ಹೇಳಿದ್ದು ಇಷ್ಟು: “ಇಲ್ಲಿ ಮರ ಕಾಯೋದು ಏನಿಲ್ಲ ಕಣಯ್ಯ. ಹುಲ್ಲು ಕಾಯಬೇಕು. ಹುಲ್ಲು ಹತ್ತಿಕೊಂಡರೆ ಕೆಳಗಿನ ಕಾಡೂ ಹೋಯಿತು, ನೀರೂ ಹೋಯಿತು.”

ಹುಲ್ಲು ಕಾಯುವುದೆಂದರೆ ಫೈರ್ ಲೈನ್ ಮಾಡುವುದು. ದೀಪಾವಳಿ ಕಳೆದು ಹುಲ್ಲು ಒಣಗಿದ ಮೇಲೆ ಗುಡ್ಡದ ನೆತ್ತಿಯ ಉದ್ದಕ್ಕೂ ಎರಡು ಮೂರು ಮಾರು ಅಗಲಕ್ಕೆ ಕೊಯ್ಯುತ್ತೇವೆ. ಕೊಯ್ದದ್ದು ಒಣಗಿದ ಮೇಲೆ, ಸುತ್ತಲಿನ ಹುಲ್ಲಿನಲ್ಲಿ ಇಬ್ಬನಿ ಇರುವ ಹೊತ್ತು ನೋಡಿ ನಾವೇ ಬೆಂಕಿ ಕೊಡುತ್ತೇವೆ. ಎರಡೂ ಬದಿಗೆ ಹಸಿ ಸೊಪ್ಪಿನ ಕೊಂಬೆ ಹಿಡಿದ ಆಳುಗಳು ನಿಂತು, ಪಕ್ಕಕ್ಕೆ ಹಾರುವ ಕಿಡಿಯನ್ನು ಬಡಿದು ಆರಿಸುತ್ತಾರೆ. ಬೇಸಿಗೆಯಲ್ಲಿ ಎಲ್ಲಿಂದಲೋ ಬೆಂಕಿ ಬಂದರೆ ಈ ಬೋಳು ಪಟ್ಟಿಯ ಹತ್ತಿರ ತಿನ್ನಲು ಏನೂ ಸಿಗದೆ ನಿಲ್ಲಬೇಕು. ಲೈನನ್ನು ಎಲ್ಲಿಯವರೆಗೆ ಎಳೆಯಬೇಕೆಂದರೆ ಬಂಡೆ ಸಿಗುವವರೆಗೆ. ಬಂಡೆ ಸುಡುವುದಿಲ್ಲವಲ್ಲ, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಬಂಡೆಯ ಆಚೆ ಏನಿದೆ ಎಂಬುದು ಬೆಂಕಿಯ ಲೆಕ್ಕದಲ್ಲಿ ಬರುವುದಿಲ್ಲ. ಕೋಣನಬೆನ್ನಿನ ಲೈನು ಮುಗಿಯುವ ಬಂಡೆಯ ಆಚೆ ಇರುವುದು ಪ್ರಪಾತ.

ಈ ಕೆಲಸವನ್ನು ನನಗೆ ಕಲಿಸಿದವನು ಜವರಯ್ಯ. ಬೆಟ್ಟದ ಬುಡದ ಹಳ್ಳಿಯವನು, ದಿನಗೂಲಿಯ ವಾಚರ್. ನನಗಿಂತ ಐದಾರು ವರ್ಷ ದೊಡ್ಡವನು. ಗಾಳಿ ತಿರುಗುವುದು ಅವನಿಗೆ ಕಿವಿಯಲ್ಲಿ ಗೊತ್ತಾಗುತ್ತಿತ್ತು. ನಾನು ಖಾಯಂ ನೌಕರ, ಅವನು ಅಲ್ಲ. ಆದ್ದರಿಂದ ಅವನು ನನ್ನನ್ನು ಸಾ ಅನ್ನುತ್ತಿದ್ದ, ನಾನು ಅವನನ್ನು ಏನಯ್ಯಾ ಅನ್ನುತ್ತಿದ್ದೆ. ಕಲಿತವನು ನಾನು, ಕಲಿಸಿದವನು ಅವನು ಎಂಬುದು ಎಲ್ಲಿಯೂ ಬರೆದಿರಲಿಲ್ಲ.

ಮೊದಮೊದಲು ಬೆಟ್ಟಕ್ಕೆ ಬರುತ್ತಿದ್ದವರು ಗಿಡ ಹುಡುಕುವ ಕಾಲೇಜು ಮೇಷ್ಟ್ರುಗಳು, ವರ್ಷಕ್ಕೆ ನಾಲ್ಕೈದು ತಂಡ. ಆಮೇಲೆ ಮೊಬೈಲಿನಲ್ಲಿ ಫೋಟೊ ಹರಿದಾಡಲು ಶುರುವಾಗಿ ಹಾಸನ, ಚನ್ನರಾಯಪಟ್ಟಣ, ಬೆಂಗಳೂರಿನಿಂದ ಗಾಡಿಗಳ ಸಾಲು. ಗೇಟಿನಲ್ಲಿ ಹೆಸರು ಬರೆಸುವ ರಿಜಿಸ್ಟರ್ ಬಂತು, ಕೆಲವು ವರ್ಷಕ್ಕೆ ಅದೂ ಹೋಗಿ ಆನ್‌ಲೈನ್ ಬುಕಿಂಗ್ ಬಂತು. ಬಂದವರಲ್ಲಿ ಒಳ್ಳೆಯವರೂ ಇದ್ದರು. ತಾವು ತಂದ ಕಸದ ಜೊತೆ ಬೇರೆಯವರ ಕಸವನ್ನೂ ಚೀಲದಲ್ಲಿ ತುಂಬಿಕೊಂಡು ಇಳಿದವರಿದ್ದಾರೆ. ಸ್ಪೀಕರ್ ಹೊತ್ತು ಬಂದು, ಗೇಟಿನಲ್ಲಿ ಅದನ್ನು ಇಡಿಸಿಕೊಂಡರೆ ಸಚಿವರಿಗೆ ಫೋನು ಮಾಡುತ್ತೇನೆಂದು ಹೆದರಿಸಿದವರೂ ಇದ್ದಾರೆ. ಮಾಡಿ ಸ್ವಾಮಿ, ಗೇಟಿನ ಹತ್ತಿರ ಸಿಗ್ನಲ್ ಇಲ್ಲ, ಮೇಲೆ ಹತ್ತಿದರೆ ಸಿಗುತ್ತದೆ, ಸ್ಪೀಕರ್ ಇಲ್ಲಿಟ್ಟು ಹೋಗಿ ಅನ್ನುತ್ತಿದ್ದೆ.

ನನ್ನ ಜಾಣತನಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಪಡುವಣ ಅಂಚಿನಲ್ಲಿ ಒಂದು ಕಡೆ ನೆಲ ಸಡಿಲವಾಗಿತ್ತು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಮುಂದೆ ಹೋದಾರು ಅಂತ ನಾನೇ ಓಡಾಡಿ, ‘ಎಚ್ಚರಿಕೆ, ಮುಂದೆ ಪ್ರಪಾತ’ ಎಂದು ಕೆಂಪಕ್ಷರದ ಬೋರ್ಡು ಹಾಕಿಸಿದೆ. ಮುಂದಿನ ಭಾನುವಾರದಿಂದ ಆ ಬೋರ್ಡಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳಲು ಸರದಿ ಸಾಲು. ಮೂರೇ ವಾರಕ್ಕೆ ಬೋರ್ಡು ಕಿತ್ತು ತಂದು ಆಫೀಸಿನ ಹಿಂದೆ ಬಿಸಾಕಿದೆವು. ಜವರಯ್ಯ ಅದನ್ನು ತನ್ನ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡ. ಕೋಳಿಗಳು ಮಾತ್ರ ಆ ಎಚ್ಚರಿಕೆಯನ್ನು ಪಾಲಿಸಿದವು.

ಇದು ನಗುವ ತಪ್ಪು. ನಗಲಾಗದ್ದೂ ಒಂದಿದೆ.

ಆ ವರ್ಷ ನಮ್ಮ ರೇಂಜಿಗೆ ಹೊಸ ಆಫೀಸರು ಬಂದಿದ್ದರು. ಕಾಗದದಲ್ಲಿ ಬಲು ಅಚ್ಚುಕಟ್ಟು. ಜನವರಿಯಲ್ಲಿ ಮೇಲಿನವರ ಇನ್‌ಸ್ಪೆಕ್ಷನ್ ಇದೆ, ಫೈರ್ ಲೈನು ನೋಡಿದ ಕೂಡಲೇ ಕಣ್ಣು ತುಂಬಬೇಕು ಅಂದರು. ನನಗೂ ಹುಮ್ಮಸ್ಸು ಬಂತು. ಎಂದಿನ ಅಗಲಕ್ಕೆ ಇನ್ನೊಂದು ಮಾರು ಸೇರಿಸಿ, ಹಗ್ಗ ಹಿಡಿದು ಅಂಚು ನೇರ ಮಾಡಿಸಿ, ಕಲ್ಲು ಆರಿಸಿ ತೆಗೆಸಿ, ಸುಟ್ಟ ಮೇಲೆ ನೋಡಿದರೆ ರಾಜಬೀದಿಯ ಹಾಗೆ ಕಾಣುತ್ತಿತ್ತು. ಜನ ಹತ್ತುವ ಕಾಲುದಾರಿ ಒಂದಡಿ ಅಗಲದ್ದು, ಹುಲ್ಲಿನ ಮರೆಯಲ್ಲಿ ಹುದುಗಿಕೊಂಡಿದ್ದು. ಅದು ಒಂದು ತಗ್ಗಿನಲ್ಲಿ ಫೈರ್ ಲೈನನ್ನು ದಾಟಿ ಎಡಕ್ಕೆ ಇಳಿದು ಗೇಟಿಗೆ ಬರುತ್ತದೆ.

ಜವರಯ್ಯ ಆ ತಗ್ಗಿನಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತ.

“ಸಾ, ಇಲ್ಲಿ ಅಡ್ಡ ಏನಾರ ಇಡಾನ. ಇಳಿಯೋರು ಇದ್ನೇ ದಾರಿ ಅಂದ್ಕಂಡ್ರೆ?”

“ಸುಟ್ಟ ನೆಲದ ಮೇಲೆ ಯಾವನಯ್ಯಾ ನಡೀತಾನೆ? ಫೈರ್ ಲೈನ್ ಅಂತ ಕಂಡ್ರೇ ಗೊತ್ತಾಗಲ್ವಾ?”

“ನಮ್ಗೊತ್ತಾಯ್ತದೆ ಸಾ. ಅವ್ರಿಗೆ ಎಂಗೆ ಗೊತ್ತಾಯ್ತದೆ? ಎರಡು ಕೊಂಬೆ ಎಳ್ದು ಆಕಿದ್ರೆ ಆಯ್ತು.”

ಕೊಂಬೆ ಹಾಕಿದರೆ ಇನ್‌ಸ್ಪೆಕ್ಷನ್ನಿಗೆ ಬಂದವರ ಕಣ್ಣಿಗೆ ಕಸದ ಹಾಗೆ ಕಾಣುತ್ತದೆ ಅಂದೆ. ಅವನು ಸೊಂಟದಿಂದ ಕೈ ತೆಗೆದು ಕೆಲಸಕ್ಕೆ ಹೋದ. ಇನ್‌ಸ್ಪೆಕ್ಷನ್ ಚೆನ್ನಾಗಿ ಆಯಿತು. ದೊಡ್ಡ ಸಾಹೇಬರು ಬೆನ್ನು ತಟ್ಟಿ ಹೋದರು.

ಅದಾದ ಮುಂದಿನ ಭಾನುವಾರ ಚನ್ನರಾಯಪಟ್ಟಣದಿಂದ ಹನ್ನೊಂದು ಜನ ಬಂದರು. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವ ಗುಂಪು, ಬಹುಪಾಲು ನಿವೃತ್ತರು. ಅವರಲ್ಲಿ ಸರೋಜಮ್ಮ ಎಂಬುವವರು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವರು. ಅರವತ್ತು ದಾಟಿತ್ತು. ಬಿಳಿ ಕ್ಯಾನ್ವಾಸ್ ಶೂ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ನಾನು ಗೇಟಿನಲ್ಲಿ ನಿಯಮ ಹೇಳುವಾಗ ಹರಟುತ್ತಿದ್ದ ತಮ್ಮ ಗುಂಪಿನವರನ್ನು ಅವರೇ ಗದರಿಸಿ ಸುಮ್ಮನಿರಿಸಿದರು. ದಾರಿ ಬಿಟ್ಟು ಹೋಗಬಾರದು ಎಂದಾಗ, “ಕೇಳಿಸ್ಕೊಂಡ್ರಾ ಎಲ್ರೂ?” ಅಂತ ಹಿಂದಕ್ಕೆ ತಿರುಗಿ ಕೇಳಿದರು.

ಮಧ್ಯಾಹ್ನ ಎರಡು ಗಂಟೆಗೆ ಗೇಟಿಗೆ ಇಳಿದವರು ಹತ್ತು ಜನ. ಮುಂದೆ ಹೋದವರು ಸರೋಜಮ್ಮ ಹಿಂದಿದ್ದಾರೆ ಅಂದುಕೊಂಡಿದ್ದರು, ಹಿಂದಿನವರು ಮುಂದಿದ್ದಾರೆ ಅಂದುಕೊಂಡಿದ್ದರು. ಅವರ ಮೊಬೈಲು ಮುಂದೆ ಹೋದವರೊಬ್ಬರ ಚೀಲದಲ್ಲಿತ್ತು.

ನಾನು, ಜವರಯ್ಯ, ಇನ್ನಿಬ್ಬರು ವಾಚರುಗಳು ಹಗ್ಗ, ಕಂಬಳಿ ತೆಗೆದುಕೊಂಡು ಮೇಲೆ ಹತ್ತಿದೆವು. ಜವರಯ್ಯ ಮೊದಲ ಮಾತಿಗೇ, “ಲೈನ್ ನೋಡಾನ ಸಾ” ಅಂದ. ನಾನು ಕೇಳಲಿಲ್ಲ. ಹೆಂಗಸರು ಮರೆ ಹುಡುಕಿಕೊಂಡು ಸಂದಿಯ ಕಾಡಿಗೆ ಇಳಿದು ದಿಕ್ಕು ತಪ್ಪುವುದು ಸಾಮಾನ್ಯ, ಹಿಂದೆ ಹಾಗೆ ಎರಡು ಸಲ ಆಗಿತ್ತು. ಕಾಡಿನೊಳಗೆ ಇಳಿದು ಒಂದೂವರೆ ಗಂಟೆ ಕೂಗಿದೆವು. ಕೂಗುತ್ತಿದ್ದಾಗಲೇ ಪಡುವಲಿಂದ ಮಂಜು ಏರಿತು. ಹತ್ತು ಹೆಜ್ಜೆ ಆಚೆಗಿದ್ದ ಮನುಷ್ಯ ಕಾಣದಂತಾಯಿತು. ಕತ್ತಲಾದರೆ ಆ ವಯಸ್ಸಿನವರು ಅಲ್ಲಿನ ಚಳಿಯಲ್ಲಿ ಉಳಿಯುವುದು ಕಷ್ಟ ಎಂದು ನಾಲ್ವರಿಗೂ ಗೊತ್ತಿತ್ತು. ನನಗೆ ನಿಜವಾಗಿ ಭಯವಾಗಿತ್ತು.

ಜವರಯ್ಯ ನನ್ನ ಅಪ್ಪಣೆಗೆ ಕಾಯದೆ ಮೇಲೆ ಹತ್ತಿ ಹೋಗಿದ್ದ. ತಗ್ಗಿನಿಂದ ಅವನ ಕೂಗು ಕೇಳಿಸಿತು.

“ಸಾ, ಬನ್ನಿ ಇಲ್ಲಿ! ಎಜ್ಜೆ ಅವೆ ಕಣ್ ಸಾ!”

ಹೋಗಿ ನೋಡಿದೆ. ನುಣ್ಣನೆ ಕಪ್ಪು ಬೂದಿಯ ಮೇಲೆ ಶೂವಿನ ಗುರುತು, ಅಚ್ಚು ಒತ್ತಿದಷ್ಟು ಸ್ಪಷ್ಟ. ಹೋಗುವ ಹೆಜ್ಜೆಗಳಿದ್ದವು, ಬರುವ ಹೆಜ್ಜೆ ಇರಲಿಲ್ಲ. ಹಿಂಬಾಲಿಸಿಕೊಂಡು ಓಡಿದೆವು. ಅರ್ಧ ಮೈಲಿಗೂ ಹೆಚ್ಚು ದೂರ ಆ ಹೆಜ್ಜೆಗಳು ಲೈನಿನ ನಟ್ಟನಡುವೆ ಸಾಗಿದ್ದವು, ಎಡಕ್ಕೂ ವಾಲಿರಲಿಲ್ಲ, ಬಲಕ್ಕೂ ವಾಲಿರಲಿಲ್ಲ. ಬಂಡೆಯ ಹತ್ತಿರ ಬೂದಿ ಮುಗಿಯಿತು. ಹೆಜ್ಜೆಯೂ ಮುಗಿಯಿತು.

ಜವರಯ್ಯ ಬಂಡೆಯ ಮೇಲೆ ಮಕಾಡೆ ಮಲಗಿ ಕೆಳಗೆ ಕೂಗಿದ. ಉತ್ತರ ಬಂತು. ಎರಡಾಳು ಕೆಳಗೆ, ಪ್ರಪಾತದ ಗೋಡೆಯಿಂದ ಹೊರಬಂದ, ಹುಲ್ಲು ಹಿಡಿದ ಒಂದು ಚಾಚಿನ ಮೇಲೆ ಸರೋಜಮ್ಮ ಕೂತಿದ್ದರು. ಸೆರಗನ್ನು ತಲೆಗೆ ಸುತ್ತಿಕೊಂಡಿದ್ದರು. ಮುಂದೆ ದಾರಿ ಎಲ್ಲಿ ಎಂದು ನೋಡಲು ಬಂಡೆಯ ತುದಿಗೆ ಬಂದಾಗ ಜಾರಿದ್ದರು. ಒಂದು ಕಾಲು ಸೊಟ್ಟಗೆ ತಿರುಗಿತ್ತು. ಚಾಚಿನ ಆಚೆ ಬರೀ ಮಂಜು. ಹಗ್ಗ ಬಿಟ್ಟು ನಾನು ಇಳಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಮೇಲಕ್ಕೆ ಕೈ ತೋರಿಸಿ ಒಂದು ಮಾತು ಕೇಳಿದರು.

“ಅಲ್ರೀ, ನಿಮ್ಮ ದಾರಿ ಇಲ್ಲಿಗೇ ಮುಗೀತದಾ?”

ಹಗ್ಗವನ್ನು ಅವರ ಸೊಂಟಕ್ಕೆ ಕಟ್ಟಿ ಮೇಲಕ್ಕೆ ಎಳೆಸಿದೆ. ಕಂಬಳಿಗೆ ಎರಡು ಗಳ ಕಟ್ಟಿ ಜೋಲಿ ಮಾಡಿ ಹೊತ್ತು ತಂದೆವು. ಗೇಟು ಮುಟ್ಟಿದಾಗ ಇನ್ನೂ ಮಸುಕು ಬೆಳಕಿತ್ತು. ಹಾಸನದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಜೀವ ಉಳಿಯಿತು.

ಇಲ್ಲಿಯವರೆಗಿನದು ತಪ್ಪು. ಮುಂದಿನದನ್ನು ತಪ್ಪು ಎಂದು ಕರೆದು ತಪ್ಪಿಸಿಕೊಳ್ಳುವಂತಿಲ್ಲ.

ಮಾರನೆಯ ದಿನ ಆಫೀಸರು ನನ್ನನ್ನು ಕರೆಸಿದರು. “ವಾಚರ್ ಡ್ಯೂಟಿ ಪಾಯಿಂಟಲ್ಲಿ ಇರಲಿಲ್ಲ ಅಂತ ಬರೀರಿ, ಇಲ್ಲಾ ಆಯಮ್ಮ ದಾರಿ ಬಿಟ್ಟು ಹೋದ್ರು ಅಂತ ಬರೀರಿ. ಎರಡರಲ್ಲಿ ಒಂದು. ಲೈನ್ ವಿಷಯ ಬೇಡ, ಮೊನ್ನೆ ತಾನೇ ಇನ್‌ಸ್ಪೆಕ್ಷನ್ ಆಗಿದೆ.” ವಾಚರ್ ಅಂದರೆ ಜವರಯ್ಯ. ಹಾಗೆ ಬರೆದರೆ ಅವನ ಕೆಲಸ ಅವತ್ತೇ ಹೋಗುತ್ತಿತ್ತು. ಅವನನ್ನು ಉಳಿಸಿದೆ ಎಂದು ಸಮಾಧಾನ ಮಾಡಿಕೊಂಡು ನಾನು ಬರೆದೆ: ‘ಸದರಿ ಪ್ರವಾಸಿಗರು ಸಿಬ್ಬಂದಿಯ ಸೂಚನೆಯನ್ನು ಉಲ್ಲಂಘಿಸಿ, ನಿಗದಿತ ದಾರಿಯನ್ನು ಬಿಟ್ಟು ನಿಷೇಧಿತ ಪ್ರದೇಶಕ್ಕೆ ಪ್ರವೇಶಿಸಿರುತ್ತಾರೆ.’ ಮೂರನೆಯದೊಂದು ವಾಕ್ಯ ಇತ್ತು, ನನ್ನ ಮೇಲಿನದು. ಅದನ್ನು ಆಫೀಸರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸಾಕ್ಷಿಯ ರುಜುವಿಗೆ ಜವರಯ್ಯನ ಮುಂದೆ ಕಾಗದ ಇಟ್ಟೆ. ಅವನು ಓದಿಸಿ ಕೇಳಿದ.

“ಆಯಮ್ಮ ದಾರಿ ಬುಟ್ಟಿಲ್ಲ ಸಾ. ಬೂದಿ ನಡಮಧ್ಯದಾಗೇ ಓಗೈತೆ. ನೀವೂ ನೋಡಿದ್ರಿ.”

“ನಿನ್ನ ಕೆಲಸ ಉಳೀಲಿ ಅಂತ ಕಣಯ್ಯ.”

“ಔದೇನೋ. ಕೊಡಿ, ಆಕ್ತೀನಿ.” ಹಾಕಿದ. ಆಮೇಲೆ ಒಂದು ತಿಂಗಳು ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ.

ನನ್ನ ವರದಿಯ ಮೇಲೆ ಸರೋಜಮ್ಮನಿಗೆ ಅತಿಕ್ರಮ ಪ್ರವೇಶದ ನೋಟೀಸು ಹೋಯಿತು. ದಂಡ ಕಟ್ಟಿ ಮುಗಿಸಿಕೊಳ್ಳಬಹುದಿತ್ತು, ಎಲ್ಲರೂ ಹಾಗೇ ಮಾಡುತ್ತಾರೆ. ಅವರು ಕಟ್ಟಲಿಲ್ಲ. ವಿಚಾರಣೆ ಬೇಕು ಅಂತ ಬರೆದರು. ಬೇಸಿಗೆಯಲ್ಲಿ ಒಂದು ದಿನ ಹಾಸನದ ಕಚೇರಿಗೆ ವಾಕರ್ ಹಿಡಿದುಕೊಂಡು ಬಂದರು. ಮೊದಲ ಮಹಡಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತುವುದನ್ನು ನಾನು ಮೇಲೆ ನಿಂತು ನೋಡಿದೆ. ಹಿಡಿಯಲು ಹೋದರೆ, ಬೇಡ ಅಂದರು.

ವಿಚಾರಣೆಗೆ ಕೂತಿದ್ದ ದೊಡ್ಡ ಸಾಹೇಬರು ಸಮಾಧಾನಸ್ಥರು. “ಏನಮ್ಮಾ, ಸಣ್ಣ ದಂಡ. ಕಟ್ಟಿ ಮುಗಿಸಬಹುದಿತ್ತಲ್ಲ?” ಅಂದರು.

“ದುಡ್ಡಿನ ಮಾತಲ್ಲ ಸಾರ್. ಮೂವತ್ತು ವರ್ಷ ಫೀಲ್ಡಲ್ಲಿ ಸುಣ್ಣದ ಗೆರೆ ಎಳೆದೋಳು ನಾನು. ಗೆರೆ ದಾಟಬೇಡ್ರೋ ಅಂತ ಮಕ್ಕಳಿಗೆ ಕೂಗಿ ಕೂಗಿ ಗಂಟಲು ಹೋಗಿದೆ. ಈಗ ಊರಲ್ಲಿ ನನ್ನ ಹತ್ರ ಓದಿದೋರೇ, ಟೀಚರ್ ದಾರಿ ಬಿಟ್ಟು ಹೋಗಿ ಬಿದ್ರಂತೆ ಅಂತಾರೆ. ನಾನು ದಾರಿ ಬಿಡಲಿಲ್ಲ ಸಾರ್. ಅಷ್ಟು ಅಗಲದ ದಾರಿ ಇತ್ತು, ಅದರಲ್ಲಿ ನಡೆದೆ. ನನ್ನ ಕಾಲು ಹೋಗಲಿ, ಈ ಮಾತು ತೆಗೀರಿ.”

ಸಾಹೇಬರು ನನ್ನ ಕಡೆ ತಿರುಗಿದರು. “ಏನ್ರೀ? ಅಲ್ಲಿ ದಾರಿ ಇತ್ತಾ?”

ನಮ್ಮ ರೇಂಜ್ ಆಫೀಸರು ಪಕ್ಕದಲ್ಲೇ ಕೂತು ಫೈಲು ನೋಡುತ್ತಿದ್ದರು. ಇಲ್ಲ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಕಣ್ಣು ಸರೋಜಮ್ಮನ ಬಿಳಿ ಶೂವಿನ ಮೇಲಿತ್ತು. ಅದೇ ಜೋಡಿ. ಹೊಲಿಗೆಯ ಸಂದಿಯಲ್ಲಿ ಬೂದಿಯ ಕಪ್ಪು ಇನ್ನೂ ಹೋಗಿರಲಿಲ್ಲ.

“ಇತ್ತು ಸಾರ್,” ಅಂದೆ. “ಮಾಡಿದವನು ನಾನು. ಅಡ್ಡ ಇಡಿ ಅಂತ ವಾಚರ್ ಹೇಳಿದ್ದ, ನಾನು ಬೇಡ ಅಂದೆ. ವರದಿಯಲ್ಲಿ ಬರೆದದ್ದು ಸುಳ್ಳು.”

ನೋಟೀಸು ರದ್ದಾಯಿತು. ನನಗೆ ಮೆಮೊ ಬಂತು, ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿ ಬಿತ್ತು. ಆಫೀಸರು ವರ್ಗವಾಗುವವರೆಗೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಸರೋಜಮ್ಮ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡರು. “ಮೊದಲೇ ಹೇಳಿದ್ರೆ ಇಷ್ಟು ಮೆಟ್ಟಿಲು ಹತ್ತೋದು ತಪ್ತಿತ್ತಲ್ಲಪ್ಪ,” ಅಂದರು, ಅಷ್ಟೇ.

ಮುಂದಿನ ವರ್ಷ ಲೈನು ಸುಟ್ಟ ದಿನ ಜವರಯ್ಯ ಎರಡು ದಪ್ಪ ಕೊಂಬೆ ಎಳೆದುಕೊಂಡು ಬಂದು ತಗ್ಗಿನಲ್ಲಿ ನಿಂತ.

“ಈಗ ಇಡಬೌದಾ ಸಾ? ಇಲ್ಲ, ಕಸ ಅನ್ನಿಸ್ತದಾ?”

“ಇಡೋ ಮಾರಾಯ,” ಅಂದೆ. ಇಬ್ಬರೂ ಸೇರಿ ಇಟ್ಟೆವು. ಆಮೇಲೆ ನಾನಿದ್ದಷ್ಟು ವರ್ಷವೂ ಇಟ್ಟೆವು. ಈಗ ಜವರಯ್ಯ ಇಲ್ಲ.

ಹೊಸಬರೇ, ಕತೆ ಇಲ್ಲಿಗೆ ಮುಗಿಯಿತು ಅಂತಲೇ ನಾನೂ ಅಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ತಂಗಿಯ ಮನೆಯವರು ಬೆಟ್ಟ ನೋಡಬೇಕು ಅಂದರು. ಎಲ್ಲರ ಹಾಗೆ ಬುಕಿಂಗ್ ಮಾಡಿಸಿ, ಎಲ್ಲರ ಹಾಗೆ ಗೇಟಿನಲ್ಲಿ ಚೀಲ ತೋರಿಸಿ ಹತ್ತಿದೆ. ಜೊತೆಗೆ ಬಂದ ಗಾರ್ಡು ಹೊಸಬ, ನನ್ನ ಗುರುತಿಲ್ಲ. ತಗ್ಗಿನಲ್ಲಿ ಕೊಂಬೆ ಅಡ್ಡ ಇಟ್ಟಿದ್ದರು. ನೋಡಿ ಸಂತೋಷವಾಯಿತು. ಯಾಕಪ್ಪ ಇದು ಅಂತ ಬೇಕೆಂದೇ ಕೇಳಿದೆ.

“ಅದು ದಾರಿ ಅಲ್ಲ ಯಜಮಾನ್ರೇ. ಆ ಕೊನೇಲಿ ಟೀಚರಮ್ಮನ ಬಂಡೆ ಅಂತೈತೆ. ಯಾರೋ ಚನ್ನರಾಯಪಟ್ಟಣದ ಟೀಚರಮ್ಮ, ಎಷ್ಟು ಹೇಳಿದ್ರೂ ಕೇಳ್ದೆ ದಾರಿ ಬುಟ್ಟು ಓಗಿ ಬಿದ್ಬುಟ್ರಂತೆ. ಬಂದೋರಿಗೆಲ್ಲ ಇದ್ನ ಏಳ್ತೀವಿ, ಭಯ ಇರ್ಲಿ ಅಂತ.”

ಫೈಲಿನಲ್ಲಿ ನಾನು ತಿದ್ದಿದ್ದು ಹಾಸನದ ಬೀರುವಿನಲ್ಲಿದೆ. ತಿದ್ದದೆ ಬಿಟ್ಟದ್ದು ಇಲ್ಲಿ ಬಂಡೆಯ ಮೇಲೆ ಹೆಸರಾಗಿ ಕೂತಿದೆ, ಪ್ರತಿ ಭಾನುವಾರ ಗಟ್ಟಿಯಾಗುತ್ತಿದೆ. ಅಲ್ಲೇ ಕೂತು, ಗಾರ್ಡನ್ನು ಪಕ್ಕ ಕೂರಿಸಿಕೊಂಡು, ನಾನು ಯಾರೆಂದು ಹೇಳಿ, ಮೇಲೆ ಬರೆದಿರುವುದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬೂದಿಯ ನಡುವಿನ ಹೆಜ್ಜೆಯನ್ನೂ, ರುಜುವನ್ನೂ, ಮೆಟ್ಟಿಲನ್ನೂ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ.

“ಅಂಗಾದ್ರೆ ಬಂಡೆಗೆ ಏನಂತ ಕರೀಬೇಕು ಸಾ? ಎಲ್ರಿಗೂ ಆ ಹೆಸ್ರೇ ರೂಢಿ ಆಗೋಗೈತೆ.”

“ಹೆಸರು ಬೇಕೇ ಬೇಕು ಅಂದರೆ, ಗಾರ್ಡ್ ಬಂಡೆ ಅನ್ನಿ. ಯಾಕೆ ಅಂತ ಬಂದೋರು ಕೇಳ್ತಾರೆ. ಕೇಳಿದಾಗ ನನ್ನ ಹೆಸರು ಹೇಳಿ.”